8051ರ ಸೀರಿಯಲ್ ಪೋರ್ಟನ್ನು ಸಿಮ್ಯುಲೇಟರ್‌ನಲ್ಲಿ ಪರೀಕ್ಷೆ ಮಾಡುವುದು ಹೇಗೆ: ಕೀಲ್ ಮತ್ತು ಪ್ರೋಟಿಯಸ್, ಹಂತ ಹಂತವಾಗಿ

ಕೀಲ್ ಅನ್ನುವ ಸಿಮ್ಯುಲೇಟರ್‌ನಲ್ಲಿ, ಅಂದರೆ ಚಿಪ್ ಇಲ್ಲದೆ ಕಂಪ್ಯೂಟರಿನಲ್ಲೇ ಓಡಿಸಿ ನೋಡುವ ತಂತ್ರಾಂಶದಲ್ಲಿ, ಪ್ರೋಗ್ರಾಂ ಓಡಿಸಿದೆ. ಸೀರಿಯಲ್ ಕಿಟಕಿಯಲ್ಲಿ ನಾನು ಕಳಿಸಿದ ಸಾಲು ಒಂದಕ್ಷರವೂ ತಪ್ಪದೆ ಬಂತು. ಅದೇ ಹೆಕ್ಸ್ ಫೈಲನ್ನು ಬೋರ್ಡಿಗೆ ಹಾಕಿದರೆ ಟರ್ಮಿನಲ್ ತುಂಬ ಅರ್ಥವಿಲ್ಲದ ಚಿಹ್ನೆಗಳು. ಕೇಬಲ್ ಬದಲಿಸಿದೆ, ವೋಲ್ಟೇಜ್ ಹೊಂದಿಸುವ ಮ್ಯಾಕ್ಸ್232 ಬದಲಿಸಿದೆ, ಚಿಪ್ಪನ್ನೇ ಬದಲಿಸಿದೆ. ಎರಡು ದಿನ ಕಳೆದ ಮೇಲೆ ಕ್ರಿಸ್ಟಲ್ ಮೇಲಿನ ಸಂಖ್ಯೆ ಕಣ್ಣಿಗೆ ಬಿತ್ತು: 12.000. ನನ್ನ ಲೆಕ್ಕ ಪೂರ್ತಿ 11.0592 ಮೆಗಾಹರ್ಟ್ಸ್ ಮೇಲೆ ನಿಂತಿತ್ತು.

ಕಿಟಕಿಯಲ್ಲಿ ಅಕ್ಷರ ಸರಿಯಾಗಿ ಬಂದಿದ್ದಕ್ಕೆ ಬಾಡ್ ರೇಟೂ (ಸೆಕೆಂಡಿಗೆ ಎಷ್ಟು ಬಿಟ್ ಹೋಗುತ್ತವೆ ಅನ್ನುವ ವೇಗ) ಸರಿಯಿದೆ ಅಂತ ನಾನು ನಂಬಿಬಿಟ್ಟಿದ್ದೆ. ಆ ಕಿಟಕಿಗೆ ಬಾಡ್ ರೇಟ್ ಬೇಕಾಗಿಯೇ ಇಲ್ಲ ಅನ್ನೋದು ಆಮೇಲೆ ತಿಳಿಯಿತು. ಅದಕ್ಕೇ ಈ ಬರಹ. ಸೀರಿಯಲ್ ಪೋರ್ಟನ್ನು ಸಿಮ್ಯುಲೇಟರ್‌ನಲ್ಲಿ ಓಡಿಸುವುದು ಸುಲಭ. ಓಡಿದ್ದು ಏನನ್ನು ಖಚಿತಪಡಿಸಿತು, ಏನನ್ನು ಖಚಿತಪಡಿಸಲಿಲ್ಲ ಅಂತ ತಿಳಿಯುವುದು ಸ್ವಲ್ಪ ಕೆಲಸ. ಆ ಕೆಲಸವನ್ನು ಒಂದೊಂದೇ ಹಂತವಾಗಿ ಮಾಡೋಣ.

ಉದಾಹರಣೆಗೆ 8051 ಆರಿಸಿಕೊಂಡಿದ್ದೇನೆ. ಇಂಟೆಲ್ 1980ರಲ್ಲಿ ತಂದ ಚಿಪ್ ಇದು. ನಮ್ಮ ಇಂಜಿನಿಯರಿಂಗ್ ಕಾಲೇಜುಗಳ ಲ್ಯಾಬ್‌ನಲ್ಲಿ ಎಷ್ಟೋ ಜನರ ಮೊದಲ ಮೈಕ್ರೋಕಂಟ್ರೋಲರ್ ಇದೇ. ರಿಜಿಸ್ಟರ್‌ಗಳು (ಚಿಪ್ಪಿನ ಒಳಗೆ ಸಂಖ್ಯೆ ಇಡುವ ಸಣ್ಣ ಜಾಗಗಳು) ಕಡಿಮೆ, ಹಾಗಾಗಿ ಒಳಗೆ ಏನಾಗುತ್ತಿದೆ ಅಂತ ಪೂರ್ತಿ ನೋಡಬಹುದು. ಇಲ್ಲಿ ಕಲಿತ ವಿಧಾನ ಎವಿಆರ್, ಪಿಐಸಿ, ಎಆರ್‌ಎಂ ಚಿಪ್‌ಗಳಿಗೂ ಹಾಗೇ ಹೊಂದುತ್ತದೆ.

ಒಂದು ಮಾತು: ರಿಜಿಸ್ಟರ್ ಹೆಸರು, ಮೆನು, ಕಮಾಂಡ್ ಎಲ್ಲವನ್ನೂ ಇಲ್ಲಿ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಕಂಪ್ಯೂಟರಿನಲ್ಲಿ ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳಲ್ಲೇ ಹೊಡೆಯಬೇಕು.

## ಮೊದಲು ಇದು ಗೊತ್ತಿರಲಿ: ಸಿಮ್ಯುಲೇಟರ್ ಸೀರಿಯಲ್ಲನ್ನು ಎಲ್ಲಿ ನಿಂತು ನೋಡುತ್ತದೆ?

ಸೀರಿಯಲ್ ಸಂವಹನವನ್ನು ಎರಡು ಕಡೆಯಿಂದ ನೋಡಬಹುದು. ಒಂದು, ರಿಜಿಸ್ಟರ್ ಕಡೆಯಿಂದ. ಪ್ರೋಗ್ರಾಂ ಸೀರಿಯಲ್ ಬೈಟ್ ಇಡುವ ಎಸ್‌ಬಫ್ ರಿಜಿಸ್ಟರಿಗೆ ಒಂದು ಬೈಟ್ ಬರೆಯಿತು. ಸಿಮ್ಯುಲೇಟರ್ ಆ ಬೈಟನ್ನು ಎತ್ತಿಕೊಂಡು ಕಿಟಕಿಯಲ್ಲಿ ತೋರಿಸಿತು. ಕೆಲಸ ಮುಗಿಯಿತು. ಇನ್ನೊಂದು, ಪಿನ್ನಿನ ಕಡೆಯಿಂದ. ಅದೇ ಬೈಟ್ ಒಂದು ಸ್ಟಾರ್ಟ್ ಬಿಟ್, ಎಂಟು ಡೇಟಾ ಬಿಟ್, ಒಂದು ಸ್ಟಾಪ್ ಬಿಟ್ ಆಗಿ ಬಿಡಿಸಿಕೊಂಡು ಪಿನ್ನಿನಲ್ಲಿ ಮೇಲೆ ಕೆಳಗೆ ಆಡುತ್ತದೆ. ಆ ಕಡೆ ಇರುವ ಸಾಧನ ತನ್ನದೇ ಗಡಿಯಾರ ಹಿಡಿದು ಅದನ್ನು ಮತ್ತೆ ಬೈಟ್ ಮಾಡುತ್ತದೆ.

ಕೀಲ್ ಮೈಕ್ರೋವಿಷನ್‌ನ ಸೀರಿಯಲ್ ಕಿಟಕಿ ಮೊದಲನೆಯ ಜಾತಿ. ಕ್ಯೂಇಎಂಯು, ರೆನೋಡ್ ಥರದ ಎಮ್ಯುಲೇಟರ್‌ಗಳೂ ಹೆಚ್ಚುಕಡಿಮೆ ಹಾಗೇ. ಅವಕ್ಕೆ ಬೈಟ್ ಮುಖ್ಯ, ತಂತಿಯ ಮೇಲಿನ ಬಿಟ್ಟಿನ ಆಕಾರ ಬೇಡ. ಇಡೀ ಸರ್ಕ್ಯೂಟನ್ನೇ ಓಡಿಸುವ ಸಿಮ್ಯುಲೇಟರ್ ಆದ ಪ್ರೋಟಿಯಸ್‌ನ ವರ್ಚುವಲ್ ಟರ್ಮಿನಲ್ ಎರಡನೆಯ ಜಾತಿ. ಅದಕ್ಕೆ ಬಾಡ್ ರೇಟ್ ನೀವೇ ಹೇಳಬೇಕು. ತಪ್ಪು ಹೇಳಿದರೆ ನಿಜವಾದ ಟರ್ಮಿನಲ್ ಥರವೇ ಕಸ ತೋರಿಸುತ್ತದೆ.

ಎರಡೂ ಬೇಕು. ತರ್ಕದ ತಪ್ಪು ಹುಡುಕಲು ಮೊದಲನೆಯದು ಬೇಗ ಆಗುತ್ತದೆ. ಟೈಮಿಂಗ್ ತಪ್ಪು ಹುಡುಕಲು ಎರಡನೆಯದೇ ಆಗಬೇಕು. ನನ್ನ ಪದ್ಧತಿ ಹೀಗೆ: ಕೀಲ್‌ನಲ್ಲಿ ತರ್ಕ ಮುಗಿಸಿ, ಪ್ರೋಟಿಯಸ್‌ನಲ್ಲಿ ತಂತಿ ನೋಡಿ, ಆಮೇಲೆ ಬೋರ್ಡ್ ಮುಟ್ಟುವುದು.

## ಹಂತ 1: ಬಾಡ್ ಲೆಕ್ಕವನ್ನು ಕಾಗದದ ಮೇಲೆ ಮಾಡಿ

ಸಿಮ್ಯುಲೇಟರ್ ತೆರೆಯುವ ಮುಂಚೆ ಈ ಲೆಕ್ಕ ಕೈಯಲ್ಲಿರಬೇಕು. ಇಲ್ಲದಿದ್ದರೆ ಪರದೆ ತೋರಿಸುವ ಸಂಖ್ಯೆಯನ್ನು ಯಾವುದಕ್ಕೆ ಹೋಲಿಸುವುದು?

ಮೂಲ 8051ರಲ್ಲಿ ಒಂದು ಮಷಿನ್ ಸೈಕಲ್‌ಗೆ 12 ಕ್ಲಾಕ್. ಕ್ರಿಸ್ಟಲ್ 11.0592 ಮೆಗಾಹರ್ಟ್ಸ್ ಆದರೆ ಸೆಕೆಂಡಿಗೆ 9,21,600 ಸೈಕಲ್. ಸೀರಿಯಲ್ ಮೋಡ್ 1ರಲ್ಲಿ ಟೈಮರ್ 1 ತುಂಬಿ ಹರಿಯುವ ವೇಗವನ್ನು 32ರಿಂದ ಭಾಗಿಸಿದರೆ ಬಾಡ್ ಸಿಗುತ್ತದೆ. 9,21,600ನ್ನು 32ರಿಂದ ಭಾಗಿಸಿ: 28,800. ಇದನ್ನು 3ರಿಂದ ಭಾಗಿಸಿದರೆ ಸರಿಯಾಗಿ 9600. ಅಂದರೆ ಟೈಮರ್ ಮೂರು ಎಣಿಸಿ ಹರಿಯಬೇಕು. 256ರಲ್ಲಿ 3 ಕಳೆದರೆ 253. ಹೆಕ್ಸ್‌ನಲ್ಲಿ (16ರ ಆಧಾರದ ಎಣಿಕೆಯಲ್ಲಿ) ಅದೇ ಎಫ್‌ಡಿ. ಟೈಮರ್ 1ರ ಆರಂಭದ ಸಂಖ್ಯೆ ಇಡುವ ಟಿಎಚ್1 ರಿಜಿಸ್ಟರಿಗೆ ಎಲ್ಲರೂ ಎಫ್‌ಡಿ ಹಾಕುವುದು ಇದಕ್ಕೆ. 11.0592 ಅನ್ನುವ ವಿಚಿತ್ರ ಸಂಖ್ಯೆಯ ಕ್ರಿಸ್ಟಲ್ ಯಾಕೆ ಬೇಕು ಅನ್ನುವುದಕ್ಕೂ ಉತ್ತರ ಇಲ್ಲೇ ಇದೆ. ಭಾಗಾಕಾರದಲ್ಲಿ ಚೂರೂ ಉಳಿಯುವುದಿಲ್ಲ.

ಈಗ ಅದೇ 253ನ್ನು 12 ಮೆಗಾಹರ್ಟ್ಸ್‌ಗೆ ಹಾಕಿ ನೋಡಿ. 10,00,000 ಭಾಗ 32 ಅಂದರೆ 31,250. ಅದನ್ನು 3ರಿಂದ ಭಾಗಿಸಿದರೆ ಸುಮಾರು 10,417. ಶೇಕಡಾ 8.5ರಷ್ಟು ಜಾಸ್ತಿ. ಓದುವವನು ಪ್ರತಿ ಬಿಟ್ಟಿನ ನಡುವಿನಲ್ಲಿ ನೋಡುತ್ತಾನೆ. ಸ್ಟಾಪ್ ಬಿಟ್ಟಿನ ನಡುವಿಗೆ ಬರುವಷ್ಟರಲ್ಲಿ ಒಂಬತ್ತೂವರೆ ಬಿಟ್ ಕಾಲ ಕಳೆದಿರುತ್ತದೆ. ಅಷ್ಟರಲ್ಲಿ ಶೇಕಡಾ 8.5ರ ತಪ್ಪು ಕೂಡುತ್ತಾ ಹೋಗಿ 0.8 ಬಿಟ್ ಆಗಿರುತ್ತದೆ. ಅರ್ಧ ಬಿಟ್ ದಾಟಿದರೆ ಪಕ್ಕದ ಬಿಟ್ಟನ್ನು ಓದಿದ ಹಾಗೆ. ನನ್ನ ಬೋರ್ಡಿನಲ್ಲಿ ಆಗಿದ್ದೂ ಇಷ್ಟೇ.

ಕೈಯಲ್ಲಿ 12 ಮೆಗಾಹರ್ಟ್ಸ್ ಕ್ರಿಸ್ಟಲ್ ಮಾತ್ರ ಇದ್ದರೆ 9600 ಬಿಟ್ಟುಬಿಡಿ. ಟಿಎಚ್1ಕ್ಕೆ 243 ಹಾಕಿದರೆ 2400 ಸಿಗುತ್ತದೆ, ತಪ್ಪು ಬರೀ ಶೇಕಡಾ 0.16. ಪಿಕಾನ್ ರಿಜಿಸ್ಟರಿನಲ್ಲಿ ಬಾಡನ್ನು ಎರಡರಷ್ಟು ಮಾಡುವ ಎಸ್‌ಮಾಡ್ ಬಿಟ್ ಏರಿಸಿದರೆ ಅದೇ 243ಕ್ಕೆ 4800.

ಇನ್ನೊಂದು ಸಂಖ್ಯೆಯನ್ನೂ ಬರೆದಿಟ್ಟುಕೊಳ್ಳಿ. 9600ರಲ್ಲಿ ಒಂದು ಬಿಟ್ 96 ಮಷಿನ್ ಸೈಕಲ್, ಅಂದರೆ 104 ಮೈಕ್ರೋಸೆಕೆಂಡ್. ಹತ್ತು ಬಿಟ್ಟಿನ ಒಂದು ಅಕ್ಷರಕ್ಕೆ 960 ಸೈಕಲ್, ಅಂದರೆ 1.04 ಮಿಲಿಸೆಕೆಂಡ್. ಮುಂದೆ ಈ ಸಂಖ್ಯೆಯನ್ನು ಪದೇ ಪದೇ ಬಳಸುತ್ತೇವೆ.

## ಹಂತ 2: ಕೀಲ್‌ನಲ್ಲಿ ಪ್ರಾಜೆಕ್ಟ್ ಸಿದ್ಧ ಮಾಡಿ

ಹೊಸ ಪ್ರಾಜೆಕ್ಟ್ ತೆರೆದು ಎಟಿ89ಸಿ51 ಆರಿಸಿ. ಆಪ್ಷನ್ಸ್ ಫಾರ್ ಟಾರ್ಗೆಟ್ ತೆರೆಯಿರಿ. ಅಲ್ಲಿ ಮೂರು ಕೆಲಸ. ಟಾರ್ಗೆಟ್ ಪುಟದಲ್ಲಿ ಎಕ್ಸ್‌ಟಾಲ್ ಅನ್ನುವ ಕಡೆ 11.0592 ಬರೆಯಿರಿ. ಔಟ್‌ಪುಟ್ ಪುಟದಲ್ಲಿ ಕ್ರಿಯೇಟ್ ಹೆಕ್ಸ್ ಫೈಲ್ ಅನ್ನುವುದಕ್ಕೆ ಟಿಕ್ ಹಾಕಿ. ಡೀಬಗ್ ಪುಟದಲ್ಲಿ ಯೂಸ್ ಸಿಮ್ಯುಲೇಟರ್ ಆರಿಸಿ.

ಎಕ್ಸ್‌ಟಾಲ್ ಸಂಖ್ಯೆಯನ್ನು ಮರೆಯುವವರೇ ಜಾಸ್ತಿ. ಚಿಪ್ ಆರಿಸಿದಾಗ ತಾನಾಗಿ ಬಂದು ಕೂರುವ ಸಂಖ್ಯೆ ನಿಮ್ಮ ಬೋರ್ಡಿನದ್ದಲ್ಲ. ಈ ಸಂಖ್ಯೆ ಕಂಪೈಲ್ ಆಗುವ ಕೋಡನ್ನು ಬದಲಿಸುವುದಿಲ್ಲ. ಸಿಮ್ಯುಲೇಟರ್ ಕಾಲ ಅಳೆಯುವುದನ್ನು ಮಾತ್ರ ಬದಲಿಸುತ್ತದೆ. ಹಾಗಾಗಿ ತಪ್ಪಿದ್ದರೂ ಎಲ್ಲಿಯೂ ಎಚ್ಚರಿಕೆ ಬರುವುದಿಲ್ಲ.

ಕೋಡಿನ ಆರಂಭದ ಸಾಲುಗಳು ನಾಲ್ಕೇ. ಟಿಮಾಡ್‌ಗೆ ಹೆಕ್ಸ್ 20: ಟೈಮರ್ 1, ಮೋಡ್ 2, ತಾನಾಗಿ ಮತ್ತೆ ತುಂಬಿಕೊಳ್ಳುವ ಮೋಡ್. ಟಿಎಚ್1ಕ್ಕೆ ಹೆಕ್ಸ್ ಎಫ್‌ಡಿ. ಎಸ್‌ಕಾನ್‌ಗೆ ಹೆಕ್ಸ್ 50: ಮೋಡ್ 1, ಜೊತೆಗೆ ಸ್ವೀಕರಿಸಲು ಅನುಮತಿ. ಕೊನೆಗೆ ಟಿಆರ್1ಕ್ಕೆ 1 ಹಾಕಿ ಟೈಮರ್ ಓಡಿಸುವುದು.

ಒಂದು ಅಕ್ಷರ ಕಳಿಸಲು: ಎಸ್‌ಬಫ್‌ಗೆ ಬೈಟ್ ಬರೆಯಿರಿ, ಕಳಿಸಿದ್ದಾಯಿತು ಅಂತ ಹೇಳುವ ಟಿಐ ಬಿಟ್ 1 ಆಗುವವರೆಗೆ ಕಾಯಿರಿ, ಟಿಐಯನ್ನು 0 ಮಾಡಿ.

ಇಲ್ಲಿ ಒಂದು ಗುಂಡಿ ಇದೆ, ಅದರಲ್ಲಿ ಬೀಳದವರು ಕಡಿಮೆ. ಕೀಲ್‌ನ ಪ್ರಿಂಟ್‌ಎಫ್ ಕೆಲಸ ಮಾಡುವ ರೀತಿ ಉಲ್ಟಾ. ಅದು ಮೊದಲು ಟಿಐ 1 ಆಗಲಿ ಅಂತ ಕಾಯುತ್ತದೆ, ಆಮೇಲೆ ಅದನ್ನು 0 ಮಾಡಿ ಬೈಟ್ ಬರೆಯುತ್ತದೆ. ಹಾಗಾಗಿ ಪ್ರಿಂಟ್‌ಎಫ್ ಬಳಸುವುದಾದರೆ ಆರಂಭದಲ್ಲೇ ಟಿಐಗೆ 1 ಹಾಕಿರಬೇಕು. ಇಲ್ಲದಿದ್ದರೆ ಮೊದಲ ಅಕ್ಷರಕ್ಕೇ ನಿಂತುಬಿಡುತ್ತದೆ. ನಿಮ್ಮ ಸ್ವಂತ ಫಂಕ್ಷನ್ನೂ ಪ್ರಿಂಟ್‌ಎಫ್ಫೂ ಒಂದೇ ಪ್ರೋಗ್ರಾಂನಲ್ಲಿ ಇದ್ದರೆ ಇನ್ನೂ ಕಷ್ಟ. ನಿಮ್ಮದು ಟಿಐಯನ್ನು 0 ಮಾಡಿ ಹೊರಟುಹೋಗುತ್ತದೆ, ಪ್ರಿಂಟ್‌ಎಫ್ ಬಂದು ಕಾಯುತ್ತಾ ಕೂರುತ್ತದೆ. ಎರಡರಲ್ಲಿ ಒಂದನ್ನೇ ಇಟ್ಟುಕೊಳ್ಳಿ. ಉಚಿತ ಆವೃತ್ತಿಯಲ್ಲಿ ಕೋಡ್ 2 ಕಿಲೋಬೈಟ್ ಮೀರುವಂತಿಲ್ಲ. ಪ್ರಿಂಟ್‌ಎಫ್ ಅದರಲ್ಲಿ ದೊಡ್ಡ ಪಾಲು ತಿನ್ನುತ್ತದೆ. ಹಾಗಾಗಿ ಸ್ವಂತ ಫಂಕ್ಷನ್ನೇ ವಾಸಿ.

## ಹಂತ 3: ಅಕ್ಷರ ನೋಡಿ, ಆಮೇಲೆ ಕಾಲ ನೋಡಿ

ಡೀಬಗ್ ಸೆಷನ್ ಶುರು ಮಾಡಿ. ವ್ಯೂ ಮೆನುವಿನಲ್ಲಿ ಸೀರಿಯಲ್ ವಿಂಡೋಸ್, ಅದರಲ್ಲಿ ಯುಎಆರ್‌ಟಿ #1. ಪ್ರೋಗ್ರಾಂ ಓಡಿಸಿದರೆ ಅಕ್ಷರ ಬರುತ್ತದೆ. ಖುಷಿಪಡಿ, ಆದರೆ ಇಲ್ಲೇ ನಿಲ್ಲಬೇಡಿ.

ಪೆರಿಫೆರಲ್ಸ್ ಮೆನುವಿನಲ್ಲಿ ಸೀರಿಯಲ್ ತೆರೆಯಿರಿ. ಎಸ್‌ಕಾನ್, ಎಸ್‌ಬಫ್, ಟಿಐ, ಆರ್‌ಐ (ಬೈಟ್ ಬಂತು ಅಂತ ಹೇಳುವ ಬಿಟ್) ಎಲ್ಲ ಅಲ್ಲಿ ಕಾಣುತ್ತವೆ. ಸಿಮ್ಯುಲೇಟರ್ ಲೆಕ್ಕ ಹಾಕಿದ ಬಾಡ್ ರೇಟೂ ಅಲ್ಲೇ ಇರುತ್ತದೆ. 9600 ಅಂತ ಇದೆಯಾ ನೋಡಿ. ಈಗ ಹೊರಗೆ ಬಂದು ಎಕ್ಸ್‌ಟಾಲ್ 12 ಮಾಡಿ ಮತ್ತೆ ಓಡಿಸಿ. ಬಾಡ್ ಸಂಖ್ಯೆ ಬದಲಾಗಿದೆ. ಆದರೆ ಕಿಟಕಿಯಲ್ಲಿ ಅಕ್ಷರಗಳು ಮೊದಲಿನ ಹಾಗೇ ಚೆನ್ನಾಗಿ ಬರುತ್ತಿವೆ, ಅಲ್ವಾ? ಈ ಪ್ರಯೋಗವನ್ನು ಒಮ್ಮೆ ಕೈಯಾರೆ ಮಾಡಿ. ನನಗೆ ಇದನ್ನು ಯಾರಾದರೂ ಮೊದಲ ವಾರವೇ ತೋರಿಸಿದ್ದರೆ ಆ ಎರಡು ದಿನ ಉಳಿಯುತ್ತಿತ್ತು.

ಎಕ್ಸ್‌ಟಾಲ್ ಮತ್ತೆ 11.0592 ಮಾಡಿ. ಈಗ ಕಾಲ ಅಳೆಯೋಣ. ಎಸ್‌ಬಫ್‌ಗೆ ಬರೆಯುವ ಸಾಲಿನ ಮೇಲೆ ಬ್ರೇಕ್‌ಪಾಯಿಂಟ್ ಇಡಿ. ಎಡಗಡೆಯ ರಿಜಿಸ್ಟರ್ ಕಿಟಕಿಯಲ್ಲಿ ಸೆಕ್ ಅಂತ ಒಂದು ಸಾಲು ಇದೆ. ಪ್ರೋಗ್ರಾಂ ಶುರುವಾಗಿ ಎಷ್ಟು ಸೆಕೆಂಡ್ ಆಯಿತು ಅಂತ ಅದು ಹೇಳುತ್ತದೆ. ಇದು ಗೋಡೆ ಗಡಿಯಾರದ ಸೆಕೆಂಡ್ ಅಲ್ಲ, ಚಿಪ್ಪಿನ ಒಳಗಿನ ಸೆಕೆಂಡ್. ಒಂದು ಸಲ ನಿಂತಾಗ ಬರೆದುಕೊಳ್ಳಿ, ಮುಂದಿನ ಸಲ ನಿಂತಾಗ ಬರೆದುಕೊಳ್ಳಿ, ಕಳೆಯಿರಿ. ಸಾಲು ಸಾಲಾಗಿ ಅಕ್ಷರ ಕಳಿಸುತ್ತಿದ್ದರೆ ಸುಮಾರು 1.04 ಮಿಲಿಸೆಕೆಂಡ್ ಬರಬೇಕು.

ಮೊದಲ ಅಕ್ಷರದ ಅಳತೆಯನ್ನು ನಂಬಬೇಡಿ. ಮೋಡ್ 1ರಲ್ಲಿ ಟಿಐ ಏರುವುದು ಸ್ಟಾಪ್ ಬಿಟ್ ಶುರುವಾದಾಗ, ಮುಗಿದಾಗಲ್ಲ. ಅದೂ ಅಲ್ಲದೆ ಕಳಿಸುವಿಕೆ ಶುರುವಾಗುವುದು ಒಳಗಿನ 16ರ ಎಣಿಕೆ ಸುತ್ತಿ ಬಂದ ಮೇಲೆ. ಹಾಗಾಗಿ ಮೊದಲನೆಯದರಲ್ಲಿ ಸ್ವಲ್ಪ ಆಚೀಚೆ ಆಗುತ್ತದೆ. ನಾಲ್ಕೈದು ಅಕ್ಷರ ಬಿಟ್ಟು ಅಳೆಯಿರಿ. ಇನ್ನೂ ಚೆನ್ನಾಗಿ ಬೇಕೆಂದರೆ ನೂರು ಅಕ್ಷರ ಕಳಿಸಿ ಒಟ್ಟು ನೋಡಿ: 104 ಮಿಲಿಸೆಕೆಂಡ್ ಹತ್ತಿರ ಇರಬೇಕು. 96 ಬಂದರೆ ಕ್ರಿಸ್ಟಲ್ ಸಂಖ್ಯೆ 12 ಆಗಿಯೇ ಉಳಿದಿದೆ.

ಕೆಲವರಿಗೆ ಯಾವ ಕ್ರಿಸ್ಟಲ್ ಹಾಕಿದರೂ ಕಾಲ ತೀರಾ ಕಡಿಮೆ ಬರುತ್ತದೆ. ಆಗ ಎಸ್‌ಟೈಮ್ ನೋಡಿ. ಇದು ಕೀಲ್ ಸಿಮ್ಯುಲೇಟರಿನ ಒಳಗಿನ ಒಂದು ವೇರಿಯಬಲ್. 1 ಇದ್ದರೆ ಬಾಡ್ ರೇಟಿಗೆ ತಕ್ಕಂತೆ ಸಮಯ ತೆಗೆದುಕೊಳ್ಳುತ್ತದೆ, 0 ಇದ್ದರೆ ಬೈಟ್ ತಕ್ಷಣ ಹೋಗಿಬಿಡುತ್ತದೆ. ಉದ್ದನೆಯ ಸಿಮ್ಯುಲೇಷನ್ ಬೇಗ ಮುಗಿಯಲಿ ಅಂತ ಯಾರೋ 0 ಮಾಡಿಟ್ಟಿರಬಹುದು. ಕಮಾಂಡ್ ಕಿಟಕಿಯಲ್ಲಿ ಎಸ್‌ಟೈಮ್ = 1 ಅಂತ ಹೊಡೆಯಿರಿ.

## ಹಂತ 4: ಸ್ವೀಕರಿಸುವ ಕಡೆ

ಕಳಿಸುವುದು ಸುಲಭದ ಅರ್ಧ. ಯಾವಾಗ ಕಳಿಸಬೇಕು ಅಂತ ತೀರ್ಮಾನಿಸುವವರು ನೀವೇ. ಸ್ವೀಕರಿಸುವಾಗ ಆ ಅಧಿಕಾರ ಆ ಕಡೆಯವರ ಕೈಯಲ್ಲಿರುತ್ತದೆ. ನಿಜವಾದ ತೊಂದರೆಗಳೆಲ್ಲ ಇಲ್ಲೇ ಬರುವುದು.

ಮೊದಲು ಸರಳ ಪರೀಕ್ಷೆ. ಯುಎಆರ್‌ಟಿ ಕಿಟಕಿಯಲ್ಲಿ ಒಂದು ಕ್ಲಿಕ್ ಮಾಡಿ ಕೀಬೋರ್ಡಿನಿಂದ ಅಕ್ಷರ ಒತ್ತಿ. ಆರ್‌ಐ 1 ಆಗಬೇಕು, ಎಸ್‌ಬಫ್ ಓದಿದರೆ ಆ ಅಕ್ಷರ ಸಿಗಬೇಕು. ಬಂದಿದ್ದನ್ನೇ ವಾಪಸ್ ಕಳಿಸುವ ಪ್ರೋಗ್ರಾಂ ಬರೆದರೆ ನೋಡುವುದು ಸುಲಭ. ಗಮನಿಸಿ, ಎಸ್‌ಬಫ್ ಅನ್ನುವುದು ಹೆಸರಿಗೆ ಒಂದು, ಒಳಗೆ ಎರಡು. ಬರೆದಾಗ ಹೋಗುವುದು ಒಂದಕ್ಕೆ, ಓದಿದಾಗ ಬರುವುದು ಇನ್ನೊಂದರಿಂದ. ಬರೆದದ್ದನ್ನೇ ಓದಿ ಪರೀಕ್ಷಿಸಲು ಹೋದರೆ ಸಿಗುವುದಿಲ್ಲ.

ಕೀಬೋರ್ಡ್ ಪರೀಕ್ಷೆ ಪಾಸಾದರೆ ಏನು ಗೊತ್ತಾಯಿತು? ನಿಧಾನವಾಗಿ ಬಂದರೆ ಓದಬಲ್ಲದು ಅಂತ, ಅಷ್ಟೇ. ಮನುಷ್ಯನ ಬೆರಳು ಎಷ್ಟೇ ವೇಗವಾಗಿ ಓಡಿದರೂ ಎರಡು ಅಕ್ಷರದ ನಡುವೆ ಹತ್ತಾರು ಮಿಲಿಸೆಕೆಂಡ್ ಇರುತ್ತದೆ. ಜಿಪಿಎಸ್ ಮಾಡ್ಯೂಲ್ ಅಥವಾ ಜಿಎಸ್‌ಎಂ ಮೋಡೆಮ್ ಹಾಗಲ್ಲ. ಒಂದರ ಬಾಲ ಹಿಡಿದು ಇನ್ನೊಂದು ಬರುತ್ತದೆ, ಪ್ರತಿ 1.04 ಮಿಲಿಸೆಕೆಂಡಿಗೆ ಒಂದು. 8051ರಲ್ಲಿ ಎರಡನೆಯ ಬೈಟ್ ಪೂರ್ತಿ ಬರುವ ಹೊತ್ತಿಗೂ ಆರ್‌ಐ 1 ಆಗಿಯೇ ಇದ್ದರೆ ಆ ಬೈಟ್ ಹೋಯಿತು ಅಂತಲೇ. ಕಳೆದುಹೋಯಿತು ಅಂತ ಹೇಳುವ ಫ್ಲ್ಯಾಗ್ ಕೂಡ ಈ ಚಿಪ್ಪಿನಲ್ಲಿ ಇಲ್ಲ.

ಹಾಗಾಗಿ ಯಂತ್ರದ ವೇಗದಲ್ಲೇ ಬೈಟ್ ತುರುಕಬೇಕು. ಕೀಲ್‌ನಲ್ಲಿ ಇದಕ್ಕೆ ಸಿಗ್ನಲ್ ಫಂಕ್ಷನ್ ಇದೆ. ಡೀಬಗ್ ಮೆನುವಿನಲ್ಲಿ ಫಂಕ್ಷನ್ ಎಡಿಟರ್ ತೆರೆದು ಸಿ ಭಾಷೆಯ ಥರವೇ ಬರೆಯಬಹುದು. ಮೊದಲು ಕಮಾಂಡ್ ಕಿಟಕಿಯಲ್ಲಿ ಡಿಐಆರ್ ವಿಟಿರೆಗ್ ಅಂತ ಹೊಡೆಯಿರಿ. ಹೊರಗಿನಿಂದ ಮುಟ್ಟಬಹುದಾದ ಪಿನ್ ಮತ್ತು ಪೋರ್ಟುಗಳ ಹೆಸರೆಲ್ಲ ಬರುತ್ತವೆ. ಸೀರಿಯಲ್ ಒಳಬರುವ ದಾರಿಯ ಹೆಸರು ಎಸ್‌ಇನ್, ಕೆಲವು ಚಿಪ್‌ಗಳಲ್ಲಿ ಎಸ್0ಇನ್. ಹೊರಹೋಗುವುದು ಎಸ್‌ಔಟ್ ಅಥವಾ ಎಸ್0ಔಟ್. ನಿಮ್ಮ ಪಟ್ಟಿಯಲ್ಲಿ ಯಾವುದಿದೆಯೋ ಅದನ್ನೇ ಬಳಸಿ.

ಫಂಕ್ಷನ್ನಿನ ಒಳಗೆ ಬೇಕಾದ್ದು ಒಂದು ಲೂಪ್. ಇಪ್ಪತ್ತು ಸಲ ಸುತ್ತಲಿ. ಪ್ರತಿ ಸಲ ಎಸ್‌ಇನ್‌ಗೆ ಒಂದು ಅಕ್ಷರ ಹಾಕಿ, ಆಮೇಲೆ ಎಸ್‌ವಾಚ್ ಫಂಕ್ಷನ್ನಿಗೆ 0.00105 ಕೊಡಿ. ಎಸ್‌ವಾಚ್ ಅಂದರೆ ಸಿಮ್ಯುಲೇಷನ್ ಕಾಲದಲ್ಲಿ ಇಷ್ಟು ಸೆಕೆಂಡ್ ಕಾಯುವುದು. ಪ್ರತಿ ಸಲ ಬೇರೆ ಅಕ್ಷರ ಹಾಕಿ, ಒಂದನ್ನೇ ಇಪ್ಪತ್ತು ಸಲ ಹಾಕಬೇಡಿ. ಒಂದೇ ಅಕ್ಷರವಾದರೆ ಯಾವುದು ಕಳೆಯಿತು ಅಂತ ಗೊತ್ತಾಗುವುದಿಲ್ಲ.

ಪ್ರೋಗ್ರಾಂನಲ್ಲಿ ಬಂದ ಬೈಟ್‌ಗಳನ್ನು ಒಂದು ಅರೇಗೆ ತುಂಬಿ, ಎಣಿಕೆ ಇಡಿ. ಫಂಕ್ಷನ್ ಓಡಿದ ಮೇಲೆ ಮೆಮೊರಿ ಕಿಟಕಿಯಲ್ಲಿ ಅರೇ ನೋಡಿ. ಇಪ್ಪತ್ತೂ ಇವೆಯಾ? ಕ್ರಮ ಸರಿಯಿದೆಯಾ? ಈಗ ಮೇನ್ ಲೂಪಿನಲ್ಲಿ ಬೇಕಂತಲೇ 5 ಮಿಲಿಸೆಕೆಂಡಿನ ಡಿಲೇ ಸೇರಿಸಿ ಮತ್ತೆ ನೋಡಿ, ಬೈಟ್‌ಗಳು ಕಳೆದಿರುತ್ತವೆ. ಎಲ್‌ಸಿಡಿಗೆ ಬರೆಯುವ ಪ್ರೋಗ್ರಾಂಗಳಲ್ಲಿ ಇಷ್ಟು ಹೊತ್ತು ಸಹಜವಾಗಿಯೇ ಕಳೆಯುತ್ತದೆ, ಹಾಗಾಗಿ ಇದು ಅತಿಯಾದ ಪರೀಕ್ಷೆ ಏನಲ್ಲ.

ಪರಿಹಾರ ಇಂಟರಪ್ಟ್ (ಬೈಟ್ ಬಂದ ಕೂಡಲೇ ಮೇನ್ ಲೂಪನ್ನು ತಡೆದು ಓಡುವ ಫಂಕ್ಷನ್) ಮತ್ತು ರಿಂಗ್ ಬಫರ್ (ಕೊನೆ ತಲುಪಿದರೆ ಮೊದಲಿಗೆ ಸುತ್ತಿ ಬರುವ ಅರೇ). ಸೀರಿಯಲ್ ಇಂಟರಪ್ಟಿನ ವಿಳಾಸ ಹೆಕ್ಸ್ 23, ಕೀಲ್ ಸಿ ಭಾಷೆಯಲ್ಲಿ ಇಂಟರಪ್ಟ್ 4. ಟಿಐ ಏರಿದರೂ ಆರ್‌ಐ ಏರಿದರೂ ಬರುವುದು ಇದೇ ಇಂಟರಪ್ಟ್. ಒಳಗೆ ಯಾವುದು ಅಂತ ನೋಡಿ, ಅದನ್ನು ನೀವೇ 0 ಮಾಡಬೇಕು. ಹಾರ್ಡ್‌ವೇರ್ ತಾನಾಗಿ ಮಾಡುವುದಿಲ್ಲ. ಮರೆತರೆ ಇಂಟರಪ್ಟಿನಿಂದ ಹೊರಬಂದ ಕೂಡಲೇ ಮತ್ತೆ ಒಳಗೆ ಎಳೆದುಕೊಳ್ಳುತ್ತದೆ, ಮೇನ್ ಲೂಪ್ ತೆವಳುತ್ತದೆ. ಇದನ್ನು ಸಿಮ್ಯುಲೇಟರಿನಲ್ಲಿ ಪತ್ತೆ ಮಾಡುವುದು ಸುಲಭ: ಇಂಟರಪ್ಟ್ ಫಂಕ್ಷನ್ನಿನ ಮೊದಲ ಸಾಲಿಗೆ ಬ್ರೇಕ್‌ಪಾಯಿಂಟ್ ಇಟ್ಟು, ಒಂದು ಬೈಟಿಗೆ ಎಷ್ಟು ಸಲ ನಿಲ್ಲುತ್ತದೆ ಎಣಿಸಿ.

## ಹಂತ 5: ಬೇಕಿದ್ದರೆ, ಕಂಪ್ಯೂಟರಿನ ಪ್ರೋಗ್ರಾಂ ಜೊತೆ ಜೋಡಿಸಿ

ಪೈಥಾನ್‌ನಲ್ಲಿ ಬರೆದ ನಿಮ್ಮ ಡೇಟಾ ಲಾಗರ್ ಇದೆ, ಬೋರ್ಡ್ ಇನ್ನೂ ಬಂದಿಲ್ಲ ಅಂದುಕೊಳ್ಳಿ. ವಿಂಡೋಸ್‌ನಲ್ಲಿ ಕಾಮ್0ಕಾಮ್ ಅನ್ನುವ ಉಚಿತ ತಂತ್ರಾಂಶ ಎರಡು ಸುಳ್ಳು ಕಾಮ್ ಪೋರ್ಟ್ ಮಾಡಿ ಒಂದಕ್ಕೊಂದು ಬೆಸೆಯುತ್ತದೆ. ಹೆಸರು ಕಾಮ್3, ಕಾಮ್4 ಅಂತಿರಲಿ. ಕೀಲ್‌ನ ಕಮಾಂಡ್ ಕಿಟಕಿಯಲ್ಲಿ ಮೋಡ್ ಕಾಮ್3 9600, 0, 8, 1 ಅಂತ ಹೊಡೆಯಿರಿ. ಆಮೇಲೆ ಅಸೈನ್ ಕಾಮ್3 <ಎಸ್‌ಇನ್ >ಎಸ್‌ಔಟ್. ಪೈಥಾನ್ ಪ್ರೋಗ್ರಾಂ ಕಾಮ್4 ತೆರೆಯಲಿ. ಇಷ್ಟೇ, ಎರಡೂ ಮಾತಾಡುತ್ತವೆ. ಸಿಮ್ಯುಲೇಟರ್ ನಿಜ ಸಮಯಕ್ಕಿಂತ ನಿಧಾನ ಅಥವಾ ವೇಗವಾಗಿ ಓಡಬಹುದು. ಹಾಗಾಗಿ ಪೈಥಾನ್ ಕಡೆ ಟೈಮ್‌ಔಟ್ ಸ್ವಲ್ಪ ಧಾರಾಳವಾಗಿ ಇಡಿ.

## ಹಂತ 6: ಪ್ರೋಟಿಯಸ್‌ನಲ್ಲಿ ತಂತಿಯನ್ನು ನೋಡಿ

ಪ್ರೋಟಿಯಸ್‌ನಲ್ಲಿ ಎಟಿ89ಸಿ51 ಇಡಿ. ವರ್ಚುವಲ್ ಟರ್ಮಿನಲ್ ಇಡಿ. ಚಿಪ್ಪಿನ ಪಿ3.1, ಅಂದರೆ ಟಿಎಕ್ಸ್‌ಡಿ, ಟರ್ಮಿನಲ್ಲಿನ ಆರ್‌ಎಕ್ಸ್‌ಡಿಗೆ ಹೋಗಬೇಕು. ಚಿಪ್ಪಿನ ಪಿ3.0 ಟರ್ಮಿನಲ್ಲಿನ ಟಿಎಕ್ಸ್‌ಡಿಗೆ. ಅಡ್ಡಡ್ಡ ಜೋಡಣೆ. ಒಬ್ಬರ ಬಾಯಿ ಇನ್ನೊಬ್ಬರ ಕಿವಿಗೆ ಅಂತ ನೆನಪಿಟ್ಟುಕೊಳ್ಳಿ.

ಚಿಪ್ಪಿನ ಮೇಲೆ ಎರಡು ಸಲ ಕ್ಲಿಕ್ ಮಾಡಿ. ಪ್ರೋಗ್ರಾಂ ಫೈಲ್ ಜಾಗದಲ್ಲಿ ಕೀಲ್ ಕೊಟ್ಟ ಹೆಕ್ಸ್ ಫೈಲ್ ಹಾಕಿ. ಕ್ಲಾಕ್ ಫ್ರೀಕ್ವೆನ್ಸಿ ಜಾಗದಲ್ಲಿ 11.0592 ಮೆಗಾಹರ್ಟ್ಸ್ ಬರೆಯಿರಿ. ಇದು ಬಹಳ ಮುಖ್ಯ. ಅಲ್ಲಿ ಮೊದಲೇ 12 ಮೆಗಾಹರ್ಟ್ಸ್ ಇರುತ್ತದೆ. ಚಿತ್ರದಲ್ಲಿ ಕ್ರಿಸ್ಟಲ್ ಎಳೆದು ಅದಕ್ಕೆ 11.0592 ಅಂತ ಹೆಸರು ಕೊಟ್ಟರೂ ಪ್ರಯೋಜನವಿಲ್ಲ. ಪ್ರೋಟಿಯಸ್ ಚಿಪ್ಪಿನ ವೇಗವನ್ನು ಈ ಜಾಗದಿಂದ ಮಾತ್ರ ತೆಗೆದುಕೊಳ್ಳುತ್ತದೆ, ಕ್ರಿಸ್ಟಲ್ ಚಿತ್ರ ನೋಡುವವರಿಗಾಗಿ ಅಷ್ಟೇ.

ಟರ್ಮಿನಲ್ಲಿನಲ್ಲಿ 9600, 8 ಬಿಟ್, ಪ್ಯಾರಿಟಿ ಇಲ್ಲ, 1 ಸ್ಟಾಪ್ ಬಿಟ್ ಆರಿಸಿ ಓಡಿಸಿ. ನಡುವೆ ಮ್ಯಾಕ್ಸ್232 ಹಾಕಬೇಡಿ. ಅದು ಸಿಗ್ನಲ್ಲನ್ನು ತಲೆಕೆಳಗು ಮಾಡುತ್ತದೆ. ಹಾಕಲೇಬೇಕಿದ್ದರೆ ಟರ್ಮಿನಲ್ಲಿನ ಪೋಲಾರಿಟಿಯನ್ನು ಇನ್ವರ್ಟೆಡ್ ಮಾಡಿ. ಟರ್ಮಿನಲ್ ಕಿಟಕಿಯನ್ನು ಒಮ್ಮೆ ಮುಚ್ಚಿದರೆ ಮುಂದಿನ ಸಲ ತಾನಾಗಿ ಬರುವುದಿಲ್ಲ. ಸಿಮ್ಯುಲೇಷನ್ ಓಡುತ್ತಿರುವಾಗ ಡೀಬಗ್ ಮೆನುವಿನಿಂದ ಮತ್ತೆ ತೆರೆಯಬೇಕು.

ಟಿಎಕ್ಸ್‌ಡಿ ತಂತಿಗೆ ಆಸಿಲೋಸ್ಕೋಪನ್ನೂ ಜೋಡಿಸಿ. ಇಂಗ್ಲಿಷಿನ ದೊಡ್ಡ ಯು ಅಕ್ಷರವನ್ನು ಬಿಡದೆ ಕಳಿಸಿ. ಅದರ ಸಂಖ್ಯೆ ಹೆಕ್ಸ್ 55, ಅಂದರೆ ಒಂದು ಸೊನ್ನೆ ಒಂದು ಸೊನ್ನೆ ಅಂತ ಬಿಟ್‌ಗಳು ಸಾಲಾಗಿ ಬದಲಾಗುತ್ತವೆ. ಸ್ಟಾರ್ಟ್ ಮತ್ತು ಸ್ಟಾಪ್ ಬಿಟ್ಟೂ ಸೇರಿ ಪರದೆ ಮೇಲೆ ಅಚ್ಚುಕಟ್ಟಾದ ಚೌಕ ಅಲೆ ಬರುತ್ತದೆ. ಒಂದು ಚೌಕದ ಅಗಲ ಅಳೆಯಿರಿ: 104 ಮೈಕ್ರೋಸೆಕೆಂಡ್. ನಾಳೆ ನಿಜವಾದ ಬೋರ್ಡಿನಲ್ಲೂ ಸ್ಕೋಪ್ ಹಿಡಿದು ಮಾಡಬೇಕಾದ ಮೊದಲ ಪರೀಕ್ಷೆ ಇದೇ.

## ಹಂತ 7: ಬೇಕಂತಲೇ ಕೆಡಿಸಿ ನೋಡಿ

ಸಿಮ್ಯುಲೇಟರಿನಲ್ಲಿ ಎಲ್ಲ ಗಡಿಯಾರಗಳೂ ಚಾಚೂ ತಪ್ಪದೆ ನಡೆಯುತ್ತವೆ. ನಿಜದಲ್ಲಿ ಹಾಗಿಲ್ಲ. ಚಿಪ್ಪಿನ ಒಳಗಿನ ಆರ್‌ಸಿ ಆಸಿಲೇಟರ್ ಬಳಸುವ ಸಾಧನಗಳು ಬಿಸಿ ಏರಿದಾಗ ಶೇಕಡಾ ಒಂದೆರಡು ಆಚೀಚೆ ಹೋಗುತ್ತವೆ. ನಿಮ್ಮ ವಿನ್ಯಾಸಕ್ಕೆ ಎಷ್ಟು ತಡೆದುಕೊಳ್ಳುವ ಶಕ್ತಿ ಇದೆ?

ಪ್ರೋಟಿಯಸ್‌ನಲ್ಲಿ ಇದನ್ನು ಹತ್ತು ನಿಮಿಷದಲ್ಲಿ ತಿಳಿಯಬಹುದು. ಟರ್ಮಿನಲ್ 9600ರಲ್ಲೇ ಇರಲಿ. ಚಿಪ್ಪಿನ ಕ್ಲಾಕನ್ನು ಮಾತ್ರ ಬದಲಿಸುತ್ತಾ ಹೋಗಿ. ಶೇಕಡಾ 2 ಜಾಸ್ತಿ ಅಂದರೆ 11.280. ಶೇಕಡಾ 3 ಅಂದರೆ 11.391. ಶೇಕಡಾ 5 ಅಂದರೆ 11.612. ಕಡಿಮೆ ಕಡೆಗೂ ಹೋಗಿ: 10.838, 10.727, 10.506. ಎಲ್ಲಿ ಕಸ ಬರಲು ಶುರುವಾಯಿತು ಬರೆದುಕೊಳ್ಳಿ. ಕಾಗದದ ಲೆಕ್ಕದಲ್ಲಿ ಅರ್ಧ ಬಿಟ್ಟನ್ನು ಒಂಬತ್ತೂವರೆಯಿಂದ ಭಾಗಿಸಿದರೆ ಶೇಕಡಾ 5ರ ಸ್ವಲ್ಪ ಮೇಲೆ ಬರುತ್ತದೆ. ಆ ಗಡಿಯವರೆಗೂ ಹೋಗಬಹುದು ಅಂತ ಅಂದುಕೊಳ್ಳಬೇಡಿ. ತಪ್ಪು ಎರಡೂ ಕಡೆಯಿಂದ ಸೇರುತ್ತದೆ. ನಾನು ನನ್ನ ಕಡೆಯ ತಪ್ಪನ್ನು ಶೇಕಡಾ 2ರ ಒಳಗೆ ಇಟ್ಟುಕೊಳ್ಳುತ್ತೇನೆ.

ಪರೀಕ್ಷೆಗೆ ಕಳಿಸುವ ಅಕ್ಷರವೂ ಮುಖ್ಯ. ಒಂದೇ ಅಕ್ಷರ ಕಳಿಸಿದರೆ ಕೆಲವು ತಪ್ಪುಗಳು ಅಡಗಿಕೊಳ್ಳುತ್ತವೆ. ಹೆಕ್ಸ್ 00, ಎಫ್‌ಎಫ್, 55, ಎಎ ಮತ್ತು ಒಂದಿಷ್ಟು ಮಾಮೂಲಿ ಪಠ್ಯ, ಎಲ್ಲ ಬೆರೆಸಿ ಕಳಿಸಿ. ಟರ್ಮಿನಲ್ಲನ್ನು ಹೆಕ್ಸ್ ತೋರಿಸುವ ಹಾಗೆ ಮಾಡಿಕೊಂಡರೆ ಓದುವುದು ಸುಲಭ.

## ಹಂತ 8: ಐಸ್ಕ್ವೇರ್‌ಸಿ, 24ಸಿ02 ಜೊತೆ

ಐಸ್ಕ್ವೇರ್‌ಸಿ ಅಂದರೆ ಎರಡೇ ತಂತಿಯಲ್ಲಿ ಚಿಪ್‌ಗಳು ಮಾತಾಡುವ ಇನ್ನೊಂದು ಸೀರಿಯಲ್ ವಿಧಾನ. ಎಟಿ89ಸಿ51ರಲ್ಲಿ ಅದಕ್ಕೆ ಹಾರ್ಡ್‌ವೇರ್ ಇಲ್ಲ. ಎರಡು ಪೋರ್ಟ್ ಪಿನ್‌ಗಳನ್ನು ಪ್ರೋಗ್ರಾಂನಿಂದಲೇ ಮೇಲೆ ಕೆಳಗೆ ಆಡಿಸಬೇಕು. ಕೀಲ್‌ನಲ್ಲಿ ಇದನ್ನು ಪರೀಕ್ಷಿಸುವುದು ಕಷ್ಟ, ಯಾಕೆಂದರೆ ಉತ್ತರ ಕೊಡುವ ಸಾಧನ ಆ ಕಡೆ ಇಲ್ಲ. ಪ್ರೋಟಿಯಸ್‌ನಲ್ಲಿ 24ಸಿ02 ಮೆಮೊರಿ ಚಿಪ್ಪೂ ಇದೆ, ಐಸ್ಕ್ವೇರ್‌ಸಿ ಡೀಬಗ್ಗರ್ ಅನ್ನುವ ಉಪಕರಣವೂ ಇದೆ.

ಎಸ್‌ಡಿಎ (ಡೇಟಾ ತಂತಿ), ಎಸ್‌ಸಿಎಲ್ (ಕ್ಲಾಕ್ ತಂತಿ) ಎರಡಕ್ಕೂ ಪುಲ್‌ಅಪ್ ರೆಸಿಸ್ಟರ್ ಹಾಕಿ, 4.7 ಕಿಲೋಓಮ್ ಸಾಕು. ಈ ಬಸ್ಸಿನಲ್ಲಿ ಯಾರೂ ತಂತಿಯನ್ನು ಮೇಲೆ ತಳ್ಳುವುದಿಲ್ಲ, ಕೆಳಗೆ ಎಳೆಯುವುದು ಮಾತ್ರ. ಮೇಲೆ ಏರಿಸುವುದು ಪುಲ್‌ಅಪ್‌ನ ಕೆಲಸ. ಡೀಬಗ್ಗರನ್ನು ಅದೇ ಎರಡು ತಂತಿಗೆ ಜೋಡಿಸಿ ಓಡಿಸಿ.

ಡೀಬಗ್ಗರ್ ಒಂದು ಸಾಲಿನಲ್ಲಿ ಇಡೀ ಕಥೆ ಹೇಳುತ್ತದೆ. ಎಸ್ ಅಂದರೆ ಸ್ಟಾರ್ಟ್. ಆಮೇಲೆ ವಿಳಾಸ. ಎ0, ಎ1, ಎ2 ಪಿನ್ ಮೂರೂ ನೆಲಕ್ಕೆ ಇದ್ದರೆ ಬರೆಯಲು ಹೆಕ್ಸ್ ಎ0, ಓದಲು ಹೆಕ್ಸ್ ಎ1. ಪ್ರತಿ ಬೈಟಿನ ಪಕ್ಕ ಎ ಬಂದರೆ ಆ ಕಡೆಯವರು ಒಪ್ಪಿದ್ದಾರೆ, ಎನ್ ಬಂದರೆ ಒಪ್ಪಿಲ್ಲ. ಎಸ್‌ಆರ್ ಅಂದರೆ ನಿಲ್ಲಿಸದೆ ಮತ್ತೆ ಸ್ಟಾರ್ಟ್. ಪಿ ಅಂದರೆ ಸ್ಟಾಪ್.

ವಿಳಾಸಕ್ಕೇ ಎನ್ ಬಂತು ಅಂದರೆ ಮೂರು ಕಡೆ ನೋಡಿ. ಪುಲ್‌ಅಪ್ ಇದೆಯಾ, ವಿಳಾಸದ ಪಿನ್‌ಗಳು ಎಲ್ಲಿಗೆ ಹೋಗಿವೆ, ಒಂಬತ್ತನೆಯ ಕ್ಲಾಕಿನ ಮುಂಚೆ ನಿಮ್ಮ ಪ್ರೋಗ್ರಾಂ ಎಸ್‌ಡಿಎಗೆ 1 ಬರೆದು ಬಿಟ್ಟುಕೊಟ್ಟಿದೆಯಾ. ಮೂರನೆಯದು ಪ್ರೋಗ್ರಾಂ ತಪ್ಪು, ಹೆಚ್ಚು ಸಲ ಅದೇ ಆಗಿರುತ್ತದೆ. ಓದುವಾಗ ಕೊನೆಯ ಬೈಟಿಗೆ ಮಾತ್ರ ಎನ್ ಬರಬೇಕು, ಅದು ತಪ್ಪಲ್ಲ. ಸಾಕು ಅಂತ ಚಿಪ್ಪಿಗೆ ಹೇಳುವ ರೀತಿಯೇ ಅದು.

ಬರೆದ ತಕ್ಷಣ ಓದಲು ಹೋಗುವುದು ಇನ್ನೊಂದು ಸಾಮಾನ್ಯ ತಪ್ಪು. ಸ್ಟಾಪ್ ಬಂದ ಮೇಲೆ 24ಸಿ02 ಒಳಗೆ ಬರೆದುಕೊಳ್ಳಲು ಕೆಲವು ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ. ಅಷ್ಟು ಹೊತ್ತು ಯಾರು ಕರೆದರೂ ಉತ್ತರವಿಲ್ಲ. ಸುಮ್ನೆ 10 ಮಿಲಿಸೆಕೆಂಡ್ ಕಾದರೂ ನಡೆಯುತ್ತದೆ. ಇನ್ನೂ ಒಳ್ಳೆಯ ದಾರಿ ಅಂದರೆ ಎ ಬರುವವರೆಗೆ ವಿಳಾಸ ಕಳಿಸುತ್ತಾ ಇರುವುದು. ಆದರೆ ಆ ಲೂಪಿಗೆ ಒಂದು ಮಿತಿ ಇಡಿ. ಮಿತಿ ಇಟ್ಟಿದ್ದು ಕೆಲಸ ಮಾಡುತ್ತದಾ ನೋಡಲು ಪ್ರೋಟಿಯಸ್‌ನಲ್ಲಿ 24ಸಿ02 ಚಿಪ್ಪನ್ನೇ ಅಳಿಸಿ ಓಡಿಸಿ. ಪ್ರೋಗ್ರಾಂ ತಪ್ಪು ವರದಿ ಮಾಡಿ ಮುಂದೆ ಹೋಗಬೇಕು, ಅಲ್ಲೇ ಸಿಕ್ಕಿಹಾಕಿಕೊಳ್ಳಬಾರದು.

ಎಟಿ24ಸಿ02ರಲ್ಲಿ ಒಂದು ಪುಟಕ್ಕೆ 8 ಬೈಟ್. ಪುಟದ ಮೊದಲ ಬೈಟಿನಿಂದ ಶುರು ಮಾಡಿ ಒಂದೇ ಉಸಿರಿಗೆ ಒಂಬತ್ತನೆಯದನ್ನು ಬರೆದರೆ ಅದು ಮುಂದಿನ ಪುಟಕ್ಕೆ ಹೋಗುವುದಿಲ್ಲ, ಅದೇ ಪುಟದ ಮೊದಲ ಬೈಟಿನ ಮೇಲೆ ಬಂದು ಕೂರುತ್ತದೆ. ಪುಟದ ಗಡಿ ದಾಟುವ ಒಂದು ಬರವಣಿಗೆಯನ್ನು ನಿಮ್ಮ ಪರೀಕ್ಷೆಯಲ್ಲಿ ಖಂಡಿತ ಸೇರಿಸಿ.

ಎಸ್‌ಪಿಐ ಅನ್ನುವ ಮತ್ತೊಂದು ಸೀರಿಯಲ್ ವಿಧಾನಕ್ಕೂ ಪ್ರೋಟಿಯಸ್‌ನಲ್ಲಿ ಇದೇ ಥರದ ಡೀಬಗ್ಗರ್ ಇದೆ. ಅಲ್ಲಿ ಒಂದೇ ವಿಷಯ ನೋಡಿಕೊಳ್ಳಿ: ಕ್ಲಾಕ್ ಖಾಲಿ ಇದ್ದಾಗ ಮೇಲೋ ಕೆಳಗೋ, ಡೇಟಾ ಓದುವುದು ಮೊದಲ ಅಂಚಿನಲ್ಲೋ ಎರಡನೆಯದರಲ್ಲೋ. ಈ ಎರಡು ಸೇರಿ ನಾಲ್ಕು ಮೋಡ್. ಬೈಟ್‌ಗಳು ಒಂದು ಬಿಟ್ ಸರಿದ ಹಾಗೆ ಕಂಡರೆ, ಉದಾಹರಣೆಗೆ 40 ಬರಬೇಕಾದ ಕಡೆ 80 ಅಥವಾ 20 ಬಂದರೆ, ಮೊದಲು ಮೋಡ್ ಮೇಲೆ ಅನುಮಾನಪಡಿ.

## ಬೋರ್ಡಿಗೆ ಹೋಗುವ ಮುಂಚೆ

ಸಿಮ್ಯುಲೇಟರ್ ನೋಡದ ಸಂಗತಿಗಳು ಕೆಲವು ಉಳಿಯುತ್ತವೆ. ಎರಡು ಬೋರ್ಡುಗಳ ನೆಲದ ತಂತಿ ಒಂದಾಗಿಲ್ಲದಿರುವುದು. 5 ವೋಲ್ಟಿನ ಚಿಪ್ಪನ್ನು 3.3 ವೋಲ್ಟಿನ ಮಾಡ್ಯೂಲಿಗೆ ನೇರ ಜೋಡಿಸುವುದು. ಉದ್ದನೆಯ ತಂತಿಯಲ್ಲಿ ಐಸ್ಕ್ವೇರ್‌ಸಿ ಸಿಗ್ನಲ್ ನಿಧಾನವಾಗಿ ಏರುವುದು. ಇವನ್ನು ಕಣ್ಣು ಮತ್ತು ಮೀಟರ್ ಹಿಡಿದೇ ನೋಡಬೇಕು.

ನಾನು ಈಗ ಪ್ರತಿ ಪ್ರಾಜೆಕ್ಟಿನ ಫೋಲ್ಡರಿನಲ್ಲಿ ಒಂದು ಸಣ್ಣ ಪಠ್ಯ ಫೈಲ್ ಇಡುತ್ತೇನೆ. ಕಾಗದದ ಲೆಕ್ಕದ ಬಾಡ್, ಕೀಲ್ ತೋರಿಸಿದ ಬಾಡ್, ನೂರು ಅಕ್ಷರಕ್ಕೆ ಹಿಡಿದ ಕಾಲ, ಪ್ರೋಟಿಯಸ್‌ನಲ್ಲಿ ಅಳೆದ ಒಂದು ಬಿಟ್ಟಿನ ಅಗಲ, ಎಷ್ಟು ಶೇಕಡಾ ತಪ್ಪಿಗೆ ಕಸ ಬಂತು. ಕೊನೆಯ ಸಾಲು ಖಾಲಿ ಇರುತ್ತದೆ. ಬೋರ್ಡ್ ಕೈಗೆ ಬಂದ ದಿನ ಕ್ರಿಸ್ಟಲ್ ಮೇಲೆ ಅಚ್ಚಾಗಿರುವ ಸಂಖ್ಯೆಯನ್ನು ಓದಿ ಅಲ್ಲಿ ಬರೆಯುತ್ತೇನೆ. ಕರೆಂಟ್ ಕೊಡುವುದು ಅದಾದ ಮೇಲೆ.